ಕಂಡಕ್ಟರಮ್ಮ, ನೀರು ಮತ್ತು ಹಳೆಯ ಮಷೀನು

ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯವರೆಲ್ಲ ಆಕೆಯನ್ನು ಕಂಡಕ್ಟರಮ್ಮ ಅಂತಲೇ ಕರೆಯುತ್ತಿದ್ದರು. ಹಾಲಿನವನು, ಎದುರುಮನೆಯವರು, ಕೊನೆಗೆ ಸೊಸೆಯ ತವರಿನವರು ಕೂಡ. ಸ್ವಂತ ಹೆಸರು ಪಿಂಚಣಿ ತರಲು ಬ್ಯಾಂಕಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಆಗಲೂ ಒಂದು ಕ್ಷಣ ಯಾರನ್ನೋ ಕರೆದರು ಅನ್ನುವಂತೆ ಕೂತಿರುತ್ತಿದ್ದಳು.

ಬಸ್ಸಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಕಂಡಕ್ಟರೊಬ್ಬಳು ಟಿಕೆಟ್ಟು, ಚಿಲ್ಲರೆ ಎಲ್ಲಕ್ಕಿಂತ ಮೊದಲು ನೀರಿನ ಪಾಠ ಹೇಳಿಕೊಟ್ಟಿದ್ದಳು. ‘ಮನೆ ಬಿಡೋ ಮುಂಚೆ ಒಂದು ಗುಟುಕು. ಆಮೇಲೆ ಬಾಯಾರಿದರೆ ಮುಕ್ಕಳಿಸಿ ಉಗಿ, ನುಂಗಬೇಡ. ಗಂಡಸರಿಗೆ ಊರೆಲ್ಲ ಗೋಡೆ ಇದೆ, ನಮಗೇನಿದೆ?’ ಬಸ್ ನಿಲ್ದಾಣಗಳಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಇರುತ್ತಿತ್ತು, ಇಲ್ಲವೇ ಬೀಗ ಹಾಕಿದ್ದರೇ ವಾಸಿ ಅನ್ನಿಸುವಂತಿರುತ್ತಿತ್ತು. ಕಂಡಕ್ಟರಮ್ಮ ಆ ಪಾಠವನ್ನು ನೌಕರಿ ಮುಗಿಯುವತನಕ ಚಾಚೂ ತಪ್ಪದೆ ಪಾಲಿಸಿದಳು. ಅದರ ಬಹುಮಾನವಾಗಿ ಮೂತ್ರಪಿಂಡದಲ್ಲಿ ಕಲ್ಲು ಬಂತು. ನಿವೃತ್ತಿಯ ಮಾರನೆಯ ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ಚೊಂಬು ನೀರನ್ನು ಎತ್ತಿ ಗಟಗಟ ಕುಡಿದು, ‘ಇಷ್ಟು ವರ್ಷ ಸರ್ಕಾರ ನನ್ನಿಂದ ಕಿತ್ಕೊಂಡಿದ್ದು ಇದನ್ನ’ ಅಂದಿದ್ದಳು. ಅಂದಿನಿಂದ ಆ ಚೊಂಬು ಆಕೆಯ ಕೈಬಿಡಲಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಮಂಚ ಮುಂದಿನ ಕೋಣೆಗೆ ಬಂತು. ಆಪರೇಷನ್ನು ಮಾಡಿದರೂ ಆಕೆ ಎದ್ದು ನಿಲ್ಲಲಿಲ್ಲ. ದೊಡ್ಡವರ ಡಯಾಪರನ್ನು ಕೆಲವು ವಾರ ತಂದರು. ಚರ್ಮ ಸುಲಿದು ಹುಣ್ಣಾಯಿತು, ಬೆಲೆಯೂ ಸುಲಿಯುವಂತೆಯೇ ಇತ್ತು. ಆಮೇಲೆ ಹಳೆ ಬಟ್ಟೆ, ಅದರ ಕೆಳಗೆ ರಬ್ಬರ್ ಹಾಳೆ, ಅದರ ಕೆಳಗೆ ಬೆಡ್‌ಶೀಟು. ಇದನ್ನೆಲ್ಲ ಒಗೆಯುತ್ತಿದ್ದದ್ದು ಬಚ್ಚಲಿನ ಪಕ್ಕದ ಹಳೆಯ ವಾಷಿಂಗ್ ಮಷೀನು. ಮಗನ ಮದುವೆಯ ವರ್ಷ ಕಂಡಕ್ಟರಮ್ಮನೇ ಕೊಡಿಸಿದ್ದು. ಹಿಂಡುವ ಹೊತ್ತಿಗೆ ಅದು ಈಗ ಗಡಗಡ ನಡುಗಿ, ಇದ್ದ ಜಾಗ ಬಿಟ್ಟು ಬಾಗಿಲ ಕಡೆ ಹೆಜ್ಜೆ ಹಾಕುತ್ತಿತ್ತು. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ನಿಂತು ಬಂದ ಸೊಸೆ ಅದರ ಮೇಲೆ ಹತ್ತಿ ಕೂತು ಅದನ್ನು ಅದುಮಿ ಹಿಡಿಯುತ್ತಿದ್ದಳು.

‘ಹೋಲ್ಡಾನ್, ಹೋಲ್ಡಾನ್’ ಅನ್ನುತ್ತಿದ್ದಳು ಕಂಡಕ್ಟರಮ್ಮ ಮಂಚದಿಂದ. ‘ಮುಂದಿನ ಸ್ಟಾಪ್ ಅಡುಗೆಮನೆ.’

‘ನಗಿಸಬೇಡಿ ಅತ್ತೆ, ಬಿದ್ದುಬಿಡ್ತೀನಿ.’

ಒಂದು ಭಾನುವಾರ ರಿಪೇರಿಯವನು ಬಂದು, ಡ್ರಮ್ಮನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ. ‘ಬೇರಿಂಗ್ ಹೋಗಿದೆ, ತಳ ತುಕ್ಕು ಹಿಡಿದಿದೆ. ಮಾಡಿಕೊಡ್ತೀನಿ, ಆದ್ರೆ ಹೊಸದರ ಅರ್ಧ ರೇಟು ಇದಕ್ಕೇ ಆಗುತ್ತೆ. ನನ್ನ ಕೇಳಿದ್ರೆ ಇದಕ್ಕೆ ಕಾಸು ಸುರೀಬೇಡಿ. ಬಟ್ಟೆ ಕಮ್ಮಿ ಹಾಕಿದ್ರೆ ಇನ್ನಾರು ತಿಂಗಳು ಹೇಗೋ ತಳ್ಳಬಹುದು.’

ಅವನು ಹೋದ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಮಾತಿಗೆ ಕೂತರು. ಮಗ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ವಾರದಲ್ಲಿ ಅರ್ಧದಷ್ಟು ದಿನ ಯಂತ್ರಗಳೇ ಓಡುತ್ತಿರಲಿಲ್ಲ. ಆಪರೇಷನ್ನಿನ ಸಾಲ ಹಾಗೇ ಇತ್ತು.

‘ಕಂತಿನ ಮೇಲೆ ತಗೊಳ್ಳೋಣ ರೀ. ನನ್ನ ಕೈ ನೋಡಿ.’

‘ಕಂತು ಕಟ್ಟೋದು ಯಾರು? ಆರು ತಿಂಗಳು ತಳ್ಳಬಹುದು ಅಂದನಲ್ಲ, ತಳ್ಳೋಣ.’

‘ಆರು ತಿಂಗಳಾದ ಮೇಲೆ?’

ಮಗ ದನಿ ತಗ್ಗಿಸಿದ. ‘ಆಮೇಲೆ ಇಷ್ಟು ಬಟ್ಟೆ ಇರುತ್ತೋ ಇಲ್ವೋ. ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯಲ್ಲ.’

ಸೊಸೆ ಏನೂ ಅನ್ನಲಿಲ್ಲ. ತಟ್ಟೆಗಳನ್ನು ಎತ್ತಿಟ್ಟ ಸದ್ದು ಮಾತ್ರ ಕೇಳಿಸಿತು.

ಜನ ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನ ಸೀಟಿನವರು ಟಿಕೆಟ್ ತಪ್ಪಿಸಲು ಪಿಸುಗುಟ್ಟಿದರೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಕಿವಿ ಅದು. ಅಡುಗೆಮನೆ ಎಷ್ಟು ದೂರ? ಕಂಡಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. ಮಗನ ಲೆಕ್ಕದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಸೊಸೆಯ ಬೆರಳ ಸಂದಿಗಳು ಸೋಪಿನಪುಡಿಗೆ ಬಿರಿದಿದ್ದನ್ನು ದಿನಾ ನೋಡುತ್ತಿದ್ದಳು. ಮಷೀನು ನಿಂತರೆ ಆ ಕೈಗಳೂ ಒಂದು ದಿನ ನಿಲ್ಲುತ್ತವೆ. ಆಮೇಲೆ ತನ್ನನ್ನು ಎಲ್ಲಿಗೋ ಒಯ್ದು ಬಿಡುತ್ತಾರೆ, ಗುರುತು ಪರಿಚಯ ಇಲ್ಲದವರು ಬಟ್ಟೆ ಬಿಚ್ಚುತ್ತಾರೆ. ಆಕೆಗೆ ಸಾಯುವುದಕ್ಕಿಂತ ದೊಡ್ಡ ಭಯ ಅದು. ಬಟ್ಟೆ ಕಮ್ಮಿಯಾದರೆ ಮಷೀನು ನಡೆಯುತ್ತದೆ ಅಂದಿದ್ದಾನೆ ರಿಪೇರಿಯವನು. ಬಟ್ಟೆ ಕಮ್ಮಿ ಮಾಡುವುದು ಹೇಗೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಮಾರನೆಯ ದಿನದಿಂದ ಕಂಡಕ್ಟರಮ್ಮ ಮತ್ತೆ ಡ್ಯೂಟಿಗೆ ಹಾಜರಾದಳು. ಬೆಳಿಗ್ಗೆ ಒಂದು ಗುಟುಕು. ಮಾತ್ರೆಗೆ ಅರ್ಧ ಗುಟುಕು. ಲೋಟ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು, ‘ಇಡು, ಆಮೇಲೆ ಕುಡೀತೀನಿ’ ಅನ್ನುತ್ತಿದ್ದಳು. ಸೊಸೆ ಕೆಲಸಕ್ಕೆ ಹೋದ ಮೇಲೆ ಲೋಟದ ನೀರು ಮೆಲ್ಲಗೆ ಚೊಂಬಿಗೆ ವಾಪಸಾಗುತ್ತಿತ್ತು. ಮೊದಲೆರಡು ದಿನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆಮೇಲೆ ದೇಹಕ್ಕೆ ಹಳೆಯ ಅಭ್ಯಾಸ ನೆನಪಾಯಿತು.

ರಾಶಿ ಬಿದ್ದಿರುತ್ತಿದ್ದ ಬಟ್ಟೆ ಒಂದು ಬಕೆಟ್ಟಿಗೆ ಇಳಿಯಿತು. ಮಷೀನು ನಡುಗುವುದೂ ಕಡಿಮೆಯಾಯಿತು. ಮಗನಿಗೆ ಖುಷಿ. ‘ನೋಡಿದ್ಯೇನೇ? ಸುಮ್ಮನೆ ಹೊಸದು ತಂದಿದ್ರೆ ದುಡ್ಡು ದಂಡ ಆಗ್ತಿತ್ತು. ಇದಕ್ಕೆ ಇನ್ನೂ ಜೀವ ಇದೆ.’

‘ನಿನ್ನ ಹೆಂಡತಿ ಜೊತೆಗೇ ಬಂದ ಸಾಮಾನು ಅದು, ಗಟ್ಟಿ’ ಅಂದಳು ಕಂಡಕ್ಟರಮ್ಮ ಒಣ ಬಾಯಲ್ಲಿ. ಸೊಸೆಯೂ ನಕ್ಕಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಅವತ್ತು. ಬಟ್ಟೆ ಕಮ್ಮಿಯಾದದ್ದು ಹೇಗೆಂದು ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಆಕೆಯ ಜೊತೆ ಬಹುಕಾಲ ಒಂದೇ ಬಸ್ಸು ಓಡಿಸಿದ ಮುದಿ ಡ್ರೈವರು ತಿಂಗಳಿಗೊಮ್ಮೆ ನೋಡಿಹೋಗಲು ಬರುತ್ತಿದ್ದ. ಆ ಸಲವೂ ಬಂದು ಸ್ಟೂಲು ಎಳೆದುಕೊಂಡ.

‘ಏನು ಕಂಡಕ್ಟರಮ್ಮ, ಗಾಡಿ ಡಿಪೋದಲ್ಲೇ ಇದೆ?’

‘ಡ್ರೈವರು ಕುರುಡಾದ ಮೇಲೆ ಗಾಡಿ ಎಲ್ಲಿಗೆ ಹೋಗಬೇಕು? ಕನ್ನಡಕ ಒರೆಸ್ಕೊಳ್ಳಿ ಮೊದಲು.’

‘ಬಟ್ಟೆಬರೆ ಎಲ್ಲ ಚೊಕ್ಕಟವಾಗಿದೆಯಲ್ಲ ಇವತ್ತು.’

‘ಅಜ್ಜಿಗೆ ಅರಿವೆ ಚಿಂತೆ ಅಂತ ಗಾದೆ ಕೇಳಿದ್ದೀರಲ್ಲ? ಆ ಅಜ್ಜಿ ನಾನೇ.’

ಅವನು ನಗುತ್ತಾ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟ. ಆಕೆ ಬಾಯಿಗೆ ಹಾಕಿಕೊಂಡು, ಕೆನ್ನೆಯ ಆ ಕಡೆಯಿಂದ ಈ ಕಡೆಗೆ ಆಡಿಸಿ, ಮಂಚದ ಕೆಳಗಿನ ತಟ್ಟೆಗೆ ಉಗಿದಳು. ಡ್ರೈವರನ ನಗು ಅಲ್ಲಿಗೇ ನಿಂತಿತು. ಬಸ್ಸಿನ ಕನ್ನಡಿಯಲ್ಲಿ ಎಷ್ಟು ಬೇಸಿಗೆ ಅವನು ಅದನ್ನೇ ನೋಡಿರಲಿಲ್ಲ?

‘ಯಾವ ರೂಟಿಗೆ ಹೊರಟಿದ್ದೀರಿ?’ ಅಂದ.

‘ಬಾಯಿ ಬಿಟ್ಟರೆ ನಡುರಸ್ತೆಯಲ್ಲಿ ಇಳಿಸಿಬಿಡ್ತೀನಿ’ ಅಂದಳು ಆಕೆ.

ಅವನು ಮಾತು ಕೊಡಲಿಲ್ಲ. ಸೊಸೆ ಕೆಲಸ ಮುಗಿಸಿ ಬರುವ ತನಕ ಹೊರಗೆ ಮೆಟ್ಟಿಲ ಮೇಲೆ ಕಾದಿದ್ದು, ಎಲ್ಲವನ್ನೂ ಹೇಳಿಯೇ ಹೋದ.

ಸೊಸೆ ಚಪ್ಪಲಿ ಬಿಡದೆ ಒಳಗೆ ಬಂದಳು. ಚೊಂಬು ಎತ್ತಿ ನೋಡಿದಳು. ಬೆಳಿಗ್ಗೆ ತುಂಬಿಸಿಟ್ಟ ಹಾಗೇ ಇತ್ತು. ಮಂಚದ ಅಂಚಿಗೆ ಕೂತು ಚಮಚದಲ್ಲಿ ನೀರು ಹಿಡಿದಳು.

‘ಕುಡೀರಿ ಅತ್ತೆ.’

‘ಬೇಡ ಕಣಮ್ಮ.’

‘ಮಷೀನು ಹಾಳಾಗಿ ಹೋಗಲಿ. ಅವರು ಏನೋ ಅಂದರು ಅಂತ ನೀವು ಹಿಂಗೆ ಮಾಡೋದಾ?’

‘ಅವನು ಅಂದಿದ್ದೂ ಕೇಳಿಸ್ತು, ನೀನು ಏನೂ ಅನ್ನದೆ ಇದ್ದಿದ್ದೂ ಕೇಳಿಸ್ತು.’ ಕಂಡಕ್ಟರಮ್ಮನ ದನಿಯಲ್ಲಿ ಆಪಾದನೆ ಇರಲಿಲ್ಲ. ಸೊಸೆಗೆ ಅದೇ ತಡೆಯಲಾಗಲಿಲ್ಲ. ಚಮಚ ಓರೆಯಾಗಿ ನೀರು ದಿಂಬಿನ ಮೇಲೆ ಚೆಲ್ಲಿತು.

‘ನೋಡು, ಇನ್ನೊಂದು ಒಗೆಯೋಕೆ ಆಯ್ತು’ ಅಂದಳು ಅತ್ತೆ.

ಮಾರನೆಯ ಮಧ್ಯಾಹ್ನ ಸೊಸೆ ಊಟದ ಬಿಡುವಿನಲ್ಲಿ ಮಷೀನು ಮಾರುವ ಅಂಗಡಿಗೆ ಹೋಗಿ, ಗಂಡನನ್ನು ಕೇಳದೆ, ತನ್ನ ಸಂಬಳದ ಮೇಲೆ ಕಂತು ಬರೆಸಿ ಹೊಸ ಮಷೀನು ಹೇಳಿ ಬಂದಳು. ಸಂಜೆ ಮನೆಗೆ ಬಂದರೆ ಅತ್ತೆಗೆ ಮೈ ಸುಡುತ್ತಿತ್ತು. ಸೊಸೆಯನ್ನು ನೋಡಿ, ಬಸ್ಸಿನಲ್ಲಿರುವವಳಂತೆ, ‘ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ’ ಅಂದಳು. ಆಸ್ಪತ್ರೆಯಲ್ಲಿ, ಮೂತ್ರದ ಸೋಂಕು ರಕ್ತಕ್ಕೆ ಸೇರಿದೆ, ಮೂತ್ರಪಿಂಡ ಕೈಕೊಟ್ಟಿದೆ ಅಂದರು. ವಯಸ್ಸಾಯಿತಲ್ಲ, ಅಂದರು. ನೀರು ಕುಡಿಯುತ್ತಿದ್ದರಾ ಅಂತ ನರ್ಸು ಕೇಳಿದಾಗ ಮಗ, ‘ಅಯ್ಯೋ, ಚೊಂಬುಗಟ್ಟಲೆ’ ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಸೊಸೆ ಗೋಡೆಗೆ ಒರಗಿ ನಿಂತು, ನರ್ಸಿಗೆ ನಿಜ ಹೇಳಿದಳು. ಗಂಡ ತಿರುಗಿ ಅವಳ ಮುಖ ನೋಡಿದ. ಆ ವಾರ ದಾಟಲಿಲ್ಲ, ಕಂಡಕ್ಟರಮ್ಮ ಹೋದಳು.

ಎಲ್ಲ ಮುಗಿಸಿ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ವ್ಯಾನು ನಿಂತಿತು. ಇಬ್ಬರು ದೊಡ್ಡ ಪೆಟ್ಟಿಗೆಯನ್ನು ಇಳಿಸಿ, ಖಾಲಿಯಿದ್ದ ಮುಂದಿನ ಕೋಣೆಯಲ್ಲಿಟ್ಟು, ಸಹಿ ಹಾಕಿಸಿಕೊಂಡು ಹೋದರು. ಮಗ ಅದರ ಸುತ್ತ ಒಂದು ಸುತ್ತು ಬಂದ. ಮೂಲೆಯಲ್ಲಿ ಅಂಟಿಸಿದ್ದ ಅಂಗಡಿಯ ನಂಬರಿಗೆ ಫೋನು ಹಚ್ಚಿದ.

‘ಅಲ್ಲ, ಮಷೀನು ಸರಿಯಾಗೇ ಇದೆ. ಮನೇಲಿ ಪರಿಸ್ಥಿತಿ ಬದಲಾಗಿದೆ. ಈಗ ಅಷ್ಟು ಬಟ್ಟೆ ಇಲ್ಲ. ವಾಪಸ್ ತಗೋತೀರಾ?’ ಆ ಕಡೆಯವರ ಮಾತು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಕಡೆ ತಿರುಗಿದ. ‘ಪ್ಯಾಕಿಂಗ್ ಬಿಚ್ಚದೆ ಇದ್ರೆ ತಗೋತಾರಂತೆ.’

ಸೊಸೆ ಅಡುಗೆಮನೆಗೆ ಹೋಗಿ ಚಾಕು ತಂದಳು. ಪೆಟ್ಟಿಗೆಯ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿದಳು. ರಟ್ಟನ್ನು ಸೀಳಿ, ಥರ್ಮೋಕೋಲನ್ನು ಎರಡೂ ಕೈಯಿಂದ ಕಿತ್ತು ನೆಲಕ್ಕೆ ಹಾಕಿದಳು. ಅವನು ಫೋನು ಹಿಡಿದೇ ನಿಂತಿದ್ದ. ಆ ಕಡೆಯಿಂದ ಯಾರೋ ಹಲೋ ಹಲೋ ಅನ್ನುತ್ತಿದ್ದರು.

‘ಬಿಚ್ಚಿ ಆಯ್ತು ಅಂತ ಹೇಳಿ’ ಅಂದಳು.