ಲೈನ್‌ಮನ್ ಮೆಹನಾಜ

ಮೆಹನಾಜ ಕೆಲಸಕ್ಕೆ ಹಾಜರಾದ ದಿನ ವಿದ್ಯುತ್ ಕಚೇರಿಯ ಶಾಖಾಧಿಕಾರಿ ವಿಶ್ವಾರಾಧ್ಯ ಅವಳಿಗೆ ತೋರಿಸಿದ್ದು ಫ್ಯಾನಿನ ಕೆಳಗಿನ ಒಂದು ಕುರ್ಚಿಯನ್ನು. ಪಕ್ಕದ ಮೇಜಿನ ಮೇಲೆ ಫೋನ್ ಇತ್ತು.

"ಇಲ್ಲೇ ಕುಂಡ್ರವಾ. ಫೋನ್ ಬಂದ್ರ ಎತ್ತು, ಯಾವ ಊರಾಗ ಕರೆಂಟ್ ಹೋಗೇದ ಕೇಳ್ಕೋ. ಬಿಸಿಲಾಗ ತಿರಗೂದು, ಕಂಬ ಹತ್ತೂದು ಹುಡುಗ್ರು ನೋಡ್ಕೋತಾರ."

ಮಾತಿನಲ್ಲಿ ತಿರಸ್ಕಾರವೇನೂ ಇರಲಿಲ್ಲ. ಮನೆಮಗಳಿಗೆ ಹೇಳುವಂತೆ ಅಕ್ಕರೆಯಿಂದಲೇ ಹೇಳಿದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು; ಅಕ್ಕರೆಗೆ ಏನೆಂದು ಎದುರಾಡುವುದು? ಮೆಹನಾಜ ಹೋಗಿ ಕುರ್ಚಿಯಲ್ಲಿ ಕುಳಿತಳು.

ಕೂರಲೆಂದು ಬಂದವಳಲ್ಲ ಅವಳು. ನಿಂಬರ್ಗಾದಲ್ಲಿ ಅವಳ ಅಪ್ಪ ಗೌಸಮೊಹಿದ್ದೀನರಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪ್‌ಸೆಟ್‌ಗಳ ವಾಸನೆಯಲ್ಲೇ ಬೆಳೆದ ಹುಡುಗಿ, ಅಕ್ಷರ ಕೂಡಿಸುವ ವಯಸ್ಸಿಗೆ ತಾಮ್ರದ ತಂತಿ ಸುತ್ತುವುದನ್ನೂ ಕಲಿತಿದ್ದಳು. ಆಳಂದದ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದುವಾಗ ತರಗತಿಗೆಲ್ಲ ಒಬ್ಬಳೇ ಹುಡುಗಿ. ಲೈನ್‌ಮನ್ ಹುದ್ದೆಗೆ ಕಂಬ ಹತ್ತುವ ಪರೀಕ್ಷೆ ಇರುತ್ತದೆಂದು ತಿಳಿದಾಗ, ಸೋದರಮಾವನ ತೊಗರಿ ಹೊಲದಲ್ಲಿ ತಂತಿಯಿಲ್ಲದೆ ನಿಂತಿದ್ದ ಒಂದು ಹಳೆಯ ಸಿಮೆಂಟ್ ಕಂಬವನ್ನು ಹುಡುಕಿಕೊಂಡಳು. ನಸುಕಿನಲ್ಲಿ ಹೋಗಿ ಹತ್ತುವಳು, ಜಾರುವಳು, ಮತ್ತೆ ಹತ್ತುವಳು. ಮೊಣಕಾಲು ಸುಲಿದು ಕೆಂಪಾಗಿದ್ದವು. ತಾಯಿ ಪೀರಬಿ ಎಣ್ಣೆ ಅರಿಶಿಣ ಹಚ್ಚುತ್ತ, "ಮಂದಿ ನೋಡಿದ್ರ ಏನಂದಾರು" ಎಂದು ಗೊಣಗುತ್ತಿದ್ದಳು. ಆದರೆ ಮರುದಿನ ಬೆಳಗಿಗೆ ತಾನೇ ಮುಂದಾಗಿ ಹೊಲಕ್ಕೆ ಬಂದು, ಯಾರಾದರೂ ಬಂದಾರೆಂದು ದಾರಿ ಕಾಯುತ್ತ ನಿಲ್ಲುತ್ತಿದ್ದಳು.

ಹಾಗೆ ಗಿಟ್ಟಿಸಿದ ಕೆಲಸ ಫೋನ್ ಎತ್ತುವುದರಲ್ಲಿ ಕಳೆಯತೊಡಗಿತು. ಭೂಸನೂರ ಸೀಮೆಯ ಕಬ್ಬಿನ ರೈತರು ಫೋನ್ ಮಾಡಿ, "ಲೈನ್‌ಮನ್‌ಗ ಕೊಡ್ರಿ ಅಕ್ಕಾರ" ಎನ್ನುತ್ತಿದ್ದರು.

"ನಾನೇ ಲೈನ್‌ಮನ್ ಮಾತಾಡಾಕತ್ತೇನಿ, ಹೇಳ್ರಿ" ಎಂದರೆ ಆ ಕಡೆಯಿಂದ ನಗು.

"ಚ್ಯಾಷ್ಟಿ ಬ್ಯಾಡ್ರಿ ಅಕ್ಕಾ, ಇಲ್ಲಿ ಬೆಳಿ ಒಣಗಾಕತ್ತದ."

ಒಂದು ದಿನ ಅವಳು ವಿಶ್ವಾರಾಧ್ಯರ ಮೇಜಿನ ಮುಂದೆ ನಿಂತೇಬಿಟ್ಟಳು. "ಸರ್, ನನಗೂ ಲೈನ್ ಮ್ಯಾಲ ಕಳಸ್ರಿ."

"ಏನಾರ ಹೆಚ್ಚುಕಮ್ಮಿ ಆದ್ರ ನಿಮ್ಮ ಮನಿಯವ್ರಿಗಿ ನಾ ಏನ್ ಜವಾಬು ಕೊಡ್ಲಿ?"

"ಉಳಿದವ್ರಿಗೂ ಮನಿ ಅದಾವಲ್ರಿ ಸರ್. ಅವ್ರ ಮನಿಯವ್ರಿಗಿ ಏನ್ ಕೊಡ್ತೀರಿ?"

ವಿಶ್ವಾರಾಧ್ಯ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಕೊನೆಗೆ, "ದೌಲತರಾಯರ ಜೋಡಿ ಹೋಗು. ಆದ್ರ ಅವ್ರು ಹೇಳಿದಷ್ಟೇ ಮಾಡು" ಎಂದರು.

ದೌಲತರಾಯ ಆ ಶಾಖೆಯ ಹಿರಿಯ ಲೈನ್‌ಮನ್, ಜೇವರ್ಗಿ ಕಡೆಯವರು. ಹಣೆಗೆ ವಿಭೂತಿ, ಮೃದು ಮಾತು. ಹಿಂದೊಮ್ಮೆ ಜೊತೆಗಾರನೊಬ್ಬ ಕಂಬದಿಂದ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡವರು. ಮೆಹನಾಜಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿದರು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಗಾಳಿ ಬಿಟ್ಟರೆ ಯಾವ ಗಿಡದ ಟೊಂಗೆ ಮೊದಲು ತಾಗುತ್ತದೆ, ಎಲ್ಲ ಹೇಳಿಕೊಟ್ಟರು. ಆದರೆ ಕಂಬದ ಬುಡಕ್ಕೆ ಬಂದೊಡನೆ, "ನೀ ಕೆಳಗಿರು ತಂಗಿ" ಎಂದು ತಾವೇ ಹತ್ತುತ್ತಿದ್ದರು. ಅವಳ ಪಾಲಿಗೆ ಏಣಿ ಹಿಡಿಯುವುದು, ಕೇಳಿದ ಸಾಮಾನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸುವುದು.

ಇನ್ನೊಂದು ಕಷ್ಟ ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಕಚೇರಿಯಲ್ಲಿ ಪಾಯಖಾನೆ ಇರಲಿಲ್ಲ. ಗಂಡಸರಿಗೆ ಹಿಂದಿನ ಗೋಡೆ ಇತ್ತು, ಹೊಲವಿತ್ತು. ಅವಳು ಮನೆ ಬಿಟ್ಟ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದಳು. ಬೇಸಿಗೆ ಬಂದಾಗ ತಲೆ ತಿರುಗತೊಡಗಿತು, ಹೊಟ್ಟೆಯ ಕೆಳಗೆ ಉರಿ. ಆಳಂದದ ಡಾಕ್ಟರು, "ನೀರು ಕುಡಿಯದಿದ್ದರೆ ಈ ಔಷಧಿಯಿಂದ ಏನೂ ಆಗೂದಿಲ್ಲ" ಎಂದು ಗದರಿಸಿ ಕಳಿಸಿದರು.

ಪೀರಬಿ ಕೆಲಸ ಬಿಡು ಎನ್ನುತ್ತಾಳೆಂದು ಮೆಹನಾಜ ಅಂದುಕೊಂಡಿದ್ದಳು. ಪೀರಬಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಅಷ್ಟೆತ್ತರದ ಕಂಬಕ್ಕ ಅಂಜಲಿಲ್ಲ, ಬಾಯಿಬಿಟ್ಟು ಕೇಳಾಕ ಅಂಜ್ತಿ ಏನ್ ಬೇ?" ಎಂದಳು.

ಮುಂದಿನ ಸಭೆಯಲ್ಲಿ, ಎಲ್ಲ ಗಂಡಸರ ಎದುರಿಗೇ ಅವಳು ಎದ್ದು ನಿಂತು ಕೇಳಿದಳು. ಯಾರೋ ಕೆಮ್ಮಿದರು, ದೌಲತರಾಯ ನೆಲ ನೋಡಿದರು. ವಿಶ್ವಾರಾಧ್ಯ ನಿಜವಾಗಿಯೂ ಬೆರಗಾಗಿ, "ಇದನ್ನ ಮೊದಲೇ ಯಾಕ ಹೇಳಲಿಲ್ಲವಾ?" ಎಂದರು. ಹೇಳದ ಹೊರತು ಇದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಅವಳಿಗೆ ಅನ್ನಿಸಿತು. ಆದರೆ ಬಾಯಿಂದ ಬಂದದ್ದು "ಈಗ ಹೇಳೀನಲ್ರಿ ಸರ್" ಎಂಬುದಷ್ಟೇ. ಸ್ಟೋರ್ ರೂಮಿನ ಹಿಂದೆ ಹಳೆಯದೊಂದು ಪಾಯಖಾನೆ ಇದ್ದದ್ದು ಆಗ ಹಿರಿಯರಿಗೆ ನೆನಪಾಯಿತು. ಅದರ ತುಂಬ ಕೆಟ್ಟ ಮೀಟರುಗಳು, ಕಂಬಗಳಿಂದ ಇಳಿಸಿದ ಒಡೆದ ಪಿಂಗಾಣಿ ಬಟ್ಟಲುಗಳು. ಮರುದಿನ ದೌಲತರಾಯ ಯಾರಿಗೂ ಹೇಳದೆ ಅವನ್ನು ಹೊರಗೆ ಹೊತ್ತು ಹಾಕುತ್ತಿದ್ದರು. ನಲ್ಲಿಗೆ ನೀರು ಬರಲು ಮಳೆಗಾಲದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಕಚೇರಿಯ ಪಕ್ಕದ ಮನೆಯ ನಿಂಬೆವ್ವ, "ಕೇಳೂದೇನದ, ಬಾಗ್ಲಾ ದೂಡ್ಕೊಂಡು ಬಾ" ಎಂದು ತನ್ನ ಹಿತ್ತಲು ಬಿಟ್ಟುಕೊಟ್ಟಳು.

ಆ ಬೇಸಿಗೆಯ ಕೊನೆಗೇ ದೊಡ್ಡ ಗಾಳಿ ಎದ್ದು ಒಂದು ಹಳ್ಳಿಯ ಲೈನ್ ಕಡಿದುಬಿತ್ತು. ಕುಡಿಯುವ ನೀರಿನ ಮೋಟಾರ್ ನಿಂತು, ಹೆಂಗಸರು ಕೊಡ ಹಿಡಿದು ಟ್ಯಾಂಕಿನ ಸುತ್ತ ಕುಳಿತಿದ್ದರು. ದೌಲತರಾಯ, ಮೆಹನಾಜ ಹೊರಟರು. ಆ ದಾರಿಯಲ್ಲಿ ಎರಡು ಲೈನುಗಳು ಜೋಡಿಯಾಗಿ ಹೋಗುತ್ತವೆ: ಒಂದು ಊರಿನದು, ಇನ್ನೊಂದು ಹೊಲದ ಪಂಪ್‌ಸೆಟ್‌ಗಳದು. ಕಂಬಗಳು ಅಣ್ಣತಮ್ಮಂದಿರಂತೆ ಒಂದೇ ತರ. ಬುಡದಲ್ಲಿ ಬರೆದ ನಂಬರಿನಿಂದಲೇ ಗುರುತು. ದೌಲತರಾಯ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಊರಿನ ಲೈನಿನ ಕರೆಂಟ್ ತೆಗೆಸಿದರು. ಬಾಗಿ ಕಂಬದ ನಂಬರ್ ನೋಡಿದರು. ಬೆಲ್ಟ್ ಬಿಗಿದು ಹತ್ತತೊಡಗಿದರು.

ಹಗ್ಗ ಬಿಡಿಸುತ್ತಿದ್ದ ಮೆಹನಾಜಳ ಕಣ್ಣಿಗೆ ಆ ಕಂಬದ ಬುಡದ ನಂಬರ್ ಬಿತ್ತು. ಅದು ಪಂಪ್‌ಸೆಟ್ ಲೈನಿನ ಕಂಬ. ಅದರಲ್ಲಿ ಕರೆಂಟ್ ಹರಿಯುತ್ತಿತ್ತು.

"ಕಾಕಾ! ನಿಲ್ರಿ! ಕೈ ಚಾಚಬ್ಯಾಡ್ರಿ!"

ಓಡಿಬಂದು ಅವರ ಬೂಟನ್ನು ಎರಡೂ ಕೈಯಲ್ಲಿ ಹಿಡಿದಳು. ದೌಲತರಾಯ ಕೆಳಗಿಳಿದು, ಬುಡದ ನಂಬರಿಗೆ ಮೂಗು ತಾಗುವಷ್ಟು ಹತ್ತಿರ ಮುಖ ತಂದು ಓದಿದರು. ಆಮೇಲೆ ಬೇವಿನ ಗಿಡದ ನೆರಳಿಗೆ ಹೋಗಿ ಕುಸಿದು ಕುಳಿತರು.

"ಕಣ್ಣಿಗಿ ಪೊರಿ ಬಂದದ ತಂಗಿ. ಬಾಳ ದಿನಾ ಆಯ್ತು."

"ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ಫೋನಿನ ಮುಂದ ಕುಂಡ್ರಸ್ತಿದ್ರು. ಇಷ್ಟು ವರ್ಷ ಕಂಬ ಹತ್ತಿದಾಂವ, ಕುರ್ಚಿ ಮ್ಯಾಲ ಕುಂತು ಹಲೋ ಅನ್ಲೇನು?"

ಮೆಹನಾಜ ಅವರ ಮುಖವನ್ನೇ ನೋಡಿದಳು. ಅವಳು ದಿನವೂ ನುಂಗಿದ ಅವಮಾನಕ್ಕೆ ಇವರು ಜೀವ ಹೋದರೂ ಸೈ ಎನ್ನುವಷ್ಟು ಹೆದರಿದ್ದರು. ಅದೇ ಕುರ್ಚಿಯಲ್ಲಿ ಅವಳು ಕುಳಿತಿದ್ದಾಗ, ತಣ್ಣಗೆ ಫ್ಯಾನಿನ ಕೆಳಗೆ ಇದ್ದಾಳೆ, ಪುಣ್ಯವಂತೆ ಎಂದಿದ್ದವರೂ ಇವರೇ. ದೌಲತರಾಯರಿಗೂ ಆ ಹೊತ್ತಿಗೆ ಅದೇ ನೆನಪಾಗಿರಬೇಕು. ಅವರೇ ನಡುವಿನ ಬೆಲ್ಟ್ ಬಿಚ್ಚಿ ಅವಳ ಕಡೆ ಚಾಚಿದರು.

ಅವಳು ನಂಬರನ್ನು ಗಟ್ಟಿಯಾಗಿ ಓದಿ, ಸಬ್‌ಸ್ಟೇಷನ್‌ಗೆ ಮತ್ತೊಮ್ಮೆ ಫೋನ್ ಮಾಡಿ ಕೇಳಿಕೊಂಡು, ಸರಿಯಾದ ಕಂಬ ಹತ್ತಿದಳು. ಗಂಡಸರ ಅಳತೆಯ ಬೆಲ್ಟ್ ಕೊನೆಯ ತೂತಿಗೆ ಹಾಕಿದರೂ ಸಡಿಲವೇ. ತಂತಿಯಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಅರ್ಥಿಂಗ್ ಕೊಟ್ಟು, ಕೆಲಸಕ್ಕೆ ಕೈ ಹಾಕಿದಳು. ಕೆಳಗೆ ಊರ ಮಂದಿ ನೆರೆದರು.

"ಏನ್ರೀ ದೌಲತರಾಯರ, ಹೆಣ್ಣಮಗಳನ್ನ ಹತ್ತಿಸಿ ನೀವು ನೆರಳಾಗ ಕುಂತೀರಲ್ಲ?" ಒಬ್ಬ ಕೇಳಿದ.

"ಹೆಣ್ಣಮಗಳು ಯಾರೋ? ಗಂಡಸ ಅದಾಳಾಕಿ, ಗಂಡಸ!" ದೌಲತರಾಯ ಹೆಮ್ಮೆಯಿಂದ ಕೂಗಿ ಹೇಳಿದರು.

ಆ ಮಾತು ಮೇಲಿದ್ದವಳಿಗೂ ಕೇಳಿಸಿತು. ಹಿಗ್ಗಬೇಕಿತ್ತು; ಯಾಕೋ ಹಿಗ್ಗಲಿಲ್ಲ. ನೀರಿನ ಮೋಟಾರ್ ಗುಂಯ್‌ಗುಟ್ಟಿ, ಹೆಂಗಸರು ಕೊಡ ಎತ್ತಿಕೊಂಡು ನಲ್ಲಿಗೆ ನುಗ್ಗಿದ ಮೇಲೂ ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಬೈಕ್ ಹತ್ತುವ ಮೊದಲು ಅವಳು ಹೇಳಿದಳು:

"ಕಾಕಾ, ನಾ ಗಂಡಸಲ್ಲ. ಹೆಣ್ಣಮಗಳೇ ಕಂಬ ಹತ್ತೀನಿ. ಹಂಗ ಹೇಳ್ರಿ ಮಂದಿಗಿ."

ದೌಲತರಾಯ ತಲೆಯಾಡಿಸಿ, "ಖರೇ ಅದ" ಎಂದರು.

"ಇನ್ನೊಂದು. ಕಣ್ಣಿನ ಮಾತು ಸಾಹೇಬ್ರಿಗಿ ನೀವೇ ಹೇಳ್ರಿ. ನೀವು ಹೇಳದಿದ್ರ ನಾ ಹೇಳಬೇಕಾಗ್ತದ."

ಅವರೇ ಹೇಳಿದರು. ವಿಶ್ವಾರಾಧ್ಯ ಬೈದರು, ಆಮೇಲೆ ರಜೆ ಬರೆದುಕೊಟ್ಟರು. ಕಲಬುರಗಿಯಲ್ಲಿ ಕಣ್ಣಿನ ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿದ ಮೇಲೆ ಕೆಲವು ವಾರ ದೌಲತರಾಯ ಫೋನಿನ ಮುಂದೆ ಕುಳಿತರು. "ಮೆಹನಾಜಬಾಯಿ ಬರಾಕತ್ತಾರ. ಏಣಿ ತಯಾರಿಟ್ಟು, ಮರ್ಯಾದಿಲಿ ಮಾತಾಡ್ರಿ" ಎಂದು ಅವರು ಹೇಳುವುದು ಹೊರಗಿನವರೆಗೆ ಕೇಳುತ್ತಿತ್ತು. ಕೆಲಸಗಾರರು ಕಡಿಮೆಯಿದ್ದ ಶಾಖೆಯಲ್ಲಿ ವಿಶ್ವಾರಾಧ್ಯರಿಗೂ ಬೇರೆ ದಾರಿ ಇರಲಿಲ್ಲ. ಅವಳಿಗೆ ಲೈನಿನ ಪಾಳಿ ಹಾಕಿದರು, ಮುಂದೆ ಅದು ರೂಢಿಯಾಯಿತು. ಎಲ್ಲ ಸರಿಹೋಯಿತೆಂದಲ್ಲ. ಅವಳ ಹೆಸರು ಬಂದರೆ ನಗುವವರು ಈಗಲೂ ಒಬ್ಬಿಬ್ಬರಿದ್ದಾರೆ. ಹೆಂಗಸರ ಅಳತೆಯ ಬೂಟು, ಬೆಲ್ಟ್ ಬೇಕೆಂದು ಮೇಲಿನವರಿಗೆ ಬರೆದುಕೊಂಡರೂ ಅವು ಇನ್ನೂ ಬಂದಿಲ್ಲ.

ಈ ವರ್ಷ ಅಫಜಲಪುರ ತಾಲೂಕಿನ ಅತನೂರಿನ ವಿಜಯಶ್ರೀ ಎಂಬ ಹುಡುಗಿ ಅದೇ ಶಾಖೆಗೆ ಬಂದಳು. ವಿಶ್ವಾರಾಧ್ಯ ಅವಳನ್ನು ನೇರವಾಗಿ ಮೆಹನಾಜಳ ಜೊತೆ ಕಳಿಸಿದರು. ಮೊದಲ ಕಂಬದ ಅರ್ಧಕ್ಕೆ ಹೋದ ವಿಜಯಶ್ರೀ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟಳು. ಇಳಿ ಎನ್ನಲೂ ಇಲ್ಲ, ಹತ್ತು ಎನ್ನಲೂ ಇಲ್ಲ ಮೆಹನಾಜ. ಬುಡದಲ್ಲಿ ನಿಂತು ಕಾದಳು.

"ಅಕ್ಕಾ, ಕಾಲು ನಡಗಾಕತ್ತಾವ."

"ನಡಗ್ಲಿ ಬಿಡು. ನಮಗ ಅವಸರ ಇಲ್ಲ."

ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ರಸ್ತೆಯಲ್ಲಿ ಹೋಯಿತು. ಅದರ ಸದ್ದು ಸಣ್ಣಗಾದ ಮೇಲೆ, ವಿಜಯಶ್ರೀ ಒಂದು ಕೈ ಸಡಿಲಿಸಿ ಮೇಲಿನ ಹಿಡಿಕೆಗೆ ಚಾಚಿದಳು.