ಅಕ್ಕೋರು ಹಿಡಿದ ನಲವತ್ತೊಂದು ಫೌಲು

ಕಮಲಕ್ಕೋರ ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸೀಟಿಯೂ ಇರುತ್ತಿತ್ತು. ತಾಳಿಯನ್ನು ಸೆರಗಿನೊಳಗೆ ಸೇರಿಸಿ ಸೀಟಿಯನ್ನು ಹೊರಗೆ ಬಿಡುತ್ತಿದ್ದರು. ಧಾರವಾಡದ ನಮ್ಮ ಹೆಣ್ಣುಮಕ್ಕಳ ಸಾಲಿಯಲ್ಲಿ ಅವರು ಆಟ ಕಲಿಸುವ ಅಕ್ಕೋರು. ತಪ್ಪು ಕಂಡಲ್ಲಿ ಊದುವುದು ಅವರ ಚಾಳಿ, ಅದಕ್ಕೆ ಮೈದಾನವೇ ಬೇಕೆಂದಿರಲಿಲ್ಲ. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಒಬ್ಬಾತ ಹೆಂಗಸರ ಸೀಟಿನಲ್ಲಿ ಕೂತನೆಂದು ಊದಿದಾಗ, ಕಂಡಕ್ಟರನೇ ಊದಿದನೆಂದು ಡ್ರೈವರು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿದ್ದನಂತೆ.

ತಮ್ಮ ಲಗ್ನದ ಕಥೆಯನ್ನು ಅವರು ಖೋಖೋ ನಿಯಮಗಳಷ್ಟೇ ನಿರ್ವಿಕಾರವಾಗಿ ಹೇಳುತ್ತಿದ್ದರು. ಹೆಣ್ಣು ನೋಡಲು ಬಂದ ರಾಯರು ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು, ವಾಲಿಬಾಲ್ ಆಟಗಾರರು. ಅವಲಕ್ಕಿ ತಿನ್ನುತ್ತಿದ್ದವರಿಗೆ ಅಕ್ಕೋರು, ಮುಂಜಾನೆ ಗ್ರೌಂಡಿಗೆ ಹೋಗಲು ಬಿಡುವಿರಾ ಎಂದು ಕೇಳಿದರಂತೆ. ರಾಯರು, ಧಾರಾಳವಾಗಿ ಹೋಗಿರಿ, ನನಗೆ ಕ್ವಾರ್ಟರ್ಸ್ ಬೇಕಾಗಿದೆ, ಅದನ್ನು ಲಗ್ನವಾದವರಿಗಷ್ಟೇ ಕೊಡುತ್ತಾರೆ ಎಂದರಂತೆ. ಅವಲಕ್ಕಿ ಮುಗಿಯುವಷ್ಟರಲ್ಲಿ ಲಗ್ನ ಗಟ್ಟಿಯಾಯಿತು.

ಇಬ್ಬರ ನಡುವೆ ಪ್ರೀತಿ ಇದೆಯೋ ಇಲ್ಲವೋ ಎಂಬುದು ನಮ್ಮ ಖೋಖೋ ತಂಡದ ದೊಡ್ಡ ಚರ್ಚೆ. ರವಿವಾರ ಅವರ ಮನೆಗೆ ಹೋದರೆ ಇಬ್ಬರೂ ಮುಖಾಮುಖಿ ಕೂತು ಪೇಪರು ಓದುತ್ತಿರುತ್ತಿದ್ದರು. ಮಾತಿಲ್ಲ, ಕಥೆಯಿಲ್ಲ. ಕಟ್ಟೆಯ ಮೇಲೆ ಅಕ್ಕೋರ ಕ್ಯಾನ್ವಾಸ್ ಬೂಟುಗಳು ಹೊಸ ಬಿಳಿಬಣ್ಣ ಬಳಿದುಕೊಂಡು ಒಣಗುತ್ತಿರುತ್ತಿದ್ದವು, ರಾಯರ ಬೆರಳ ತುದಿಗಳು ಬೆಳ್ಳಗಿರುತ್ತಿದ್ದವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರೀತಿ ಇಲ್ಲ ಎಂದೇ ತೀರ್ಮಾನವಾಯಿತು.

ನನಗೆ ಖೋಖೋ ಹತ್ತಲಿಲ್ಲ, ಬರೆಯುವ ಹುಚ್ಚು ಹತ್ತಿತು. ನೌಕರಿ ಸೇರಿದ ಮೇಲೆ ಅಕ್ಕೋರ ಲಗ್ನವನ್ನೇ ಕಾದಂಬರಿ ಮಾಡಿದೆ. ಕ್ವಾರ್ಟರ್ಸಿಗಾಗಿ ಮದುವೆಯಾದ ಆಟಗಾರ, ಆಟಕ್ಕಾಗಿ ಮದುವೆಯಾದ ಆಟಗಾರ್ತಿ. ಕೊನೆಯಲ್ಲಿ ಫೈನಲ್ ಪಂದ್ಯ. ನಾಯಕಿ ಗೆದ್ದು ಬೀಳುತ್ತಾಳೆ, ನಾಯಕ ಅವಳನ್ನು ಎತ್ತಿಕೊಂಡು ಓಡುತ್ತಾನೆ, ಅವಳು ಅವನ ಕಿವಿಯಲ್ಲಿ, "ನಿಮ್ಮನ್ನು ಬಿಟ್ಟು ನನಗೆ ಬೇರೆ ಗೆಲುವಿಲ್ಲ" ಎನ್ನುತ್ತಾಳೆ. ಇದನ್ನು ಬರೆದ ದಿನ ನನಗೇ ಕಣ್ಣಲ್ಲಿ ನೀರು ಬಂದಿತ್ತು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹಸ್ತಪ್ರತಿಯನ್ನು ಅಕ್ಕೋರಿಗೆ ಕೊಟ್ಟೆ. ವಾರದ ಮೇಲೆ ವಾಪಸು ಬಂತು. ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ 'ಫೌಲ್', 'ಫೌಲ್'. ಎಣಿಸಿದರೆ ನಲವತ್ತೊಂದು.

"ಫೈನಲ್‌ನ್ಯಾಗ ನಿನ್ನ ನಾಯಕಿ ಬೆನ್ನ ಹತ್ತಿದಾಕಿ, ನಡುಗೆರಿ ದಾಟಿ ಹೋಗಿ ಔಟ್ ಮಾಡ್ಯಾಳ," ಎಂದರು. "ಅಂಪೈರ್ ನಿದ್ದಿ ಹೊಡಿಯಾಕತ್ತಿದ್ನೇನು?"

ಎತ್ತಿಕೊಂಡು ಓಡುವುದೂ ಫೌಲು, ರಾಯರಿಗೆ ಸೊಂಟ ನೋವು. ಕೊನೆಯ ಪುಟದಲ್ಲಿ ಮಾತ್ರ ಒಂದು ಇಡೀ ಸಾಲು ಬರೆದಿದ್ದರು. ಓದಿ ನನಗೆ ಸಿಟ್ಟೇ ಬಂತು. ಅಷ್ಟು ದೊಡ್ಡ ಪ್ರೇಮಕಥೆಗೆ ಇಂಥ ಸಣ್ಣ ತಕರಾರೇ ಎನ್ನಿಸಿತು. ನಡುಗೆರೆಯನ್ನು ತಿದ್ದಿ, ಕೊನೆಯನ್ನು ಇದ್ದ ಹಾಗೇ ಬಿಟ್ಟೆ. ಪುಸ್ತಕ ಬಂತು, ಯಾರಿಗೂ ಹಿಡಿಸಲಿಲ್ಲ. ನಮ್ಮವ್ವ ಅರವತ್ತು ಪುಟ ಓದಿ, ಮುಂದೂ ಹೀಗೇ ಇದೆಯೇ ಎಂದು ಕೇಳಿದಳು.

ಕೆಲವು ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಹೋದೆ. ಸೀಟಿ ಗೋಡೆಯ ಮೊಳೆಯಲ್ಲಿತ್ತು. ರಾಯರು ಒಬ್ಬರೇ ಪೇಪರು ಹಿಡಿದು ಕೂತಿದ್ದರು. ಎದುರಿನ ಕುರ್ಚಿ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ನನ್ನ ಕಾದಂಬರಿ ತಂದರು. ಕೊನೆಯ ಪುಟ ಮಡಚಿತ್ತು, ನಾಯಕಿಯ ಗೆಲುವಿನ ಮಾತಿನ ಮೇಲೆ ಬೆರಳಿಟ್ಟರು.

"ತಂಗಿ, ಈ ಮಾತು... ಇದು ಆಕಿ ನಿನಗ ಹೇಳಿದ್ದೇನು?" ಎಂದರು. "ನನಗಂತೂ ಎಂದೂ ಏನೂ ಅಂದಾಕಿ ಅಲ್ಲ."

ಹೌದು ಎಂದುಬಿಡಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಮೊಳೆಯ ಕಡೆ ನೋಡಿದೆ, ಧೈರ್ಯವಾಗಲಿಲ್ಲ. "ಇಲ್ರಿ ಕಾಕಾ, ನಾನ ಬರದದ್ದು," ಎಂದೆ. ಅವರು ತಲೆಯಾಡಿಸಿ ಪುಸ್ತಕ ಮುಚ್ಚಿದರು.

ಮರುದಿನ ಟ್ರಂಕಿನಿಂದ ಹಸ್ತಪ್ರತಿ ಹುಡುಕಿ ತೆಗೆದುಕೊಂಡು ಹೋಗಿ, ಕೊನೆಯ ಪುಟ ಅವರ ಮುಂದೆ ಹಿಡಿದೆ. ಅಕ್ಕೋರ ಪೆನ್ಸಿಲ್ ಅಕ್ಷರ ಹಾಗೇ ಇತ್ತು: 'ಫೌಲ್. ನಾನು ಆಟ ಬಿಟ್ಟ ಮ್ಯಾಲೂ ಇವರು ರವಿವಾರಕ್ಕೊಮ್ಮೆ ನನ್ನ ಬೂಟಿಗೆ ಬಣ್ಣ ಹಚ್ಚತಾರಲ್ಲ, ಅದೆಲ್ಲಿ? ಅದಿಲ್ಲಂದ್ರ ಇದು ನಮ್ಮ ಕಥಿ ಅಲ್ಲ.'

ರಾಯರು ಎರಡು ಸಲ ಓದಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. ಮತ್ತೊಮ್ಮೆ ಓದಿದರು.

"ಬುಧವಾರನೂ ಹಚ್ಚತಿದ್ದೆ," ಎಂದರು. "ಇದು ಆಕಿದು ಫೌಲು."