ಅಪ್ಪನ ಮೂಗು ಪಾಸ್ ಮಾಡಿದ ಡ್ರಮ್ಮುಗಳು

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಮನೆಯ ಬಾಗಿಲು ತೆರೆದಾಗ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಅಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಒಲೆಯ ಬಿರಡೆ ತಿರುಗಿತ್ತು, ಉರಿ ಇರಲಿಲ್ಲ. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಚಹಾ ಮಾಡಲು ಬಂದವನು ಬಂದದ್ದು ಯಾಕೆಂಬುದನ್ನು ಮರೆತು, ಅದು ನೆನಪಾಗಲೆಂದು ಕಾಯುತ್ತ ಕೂತಿದ್ದ.

ಕಡ್ಡಿ ಗೀರಿರಲಿಲ್ಲ.

ಗ್ಯಾಸ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದೆ. ವಾಸನೆ ಬರಲಿಲ್ಲವೇ ಎಂದು ಕೇಳಿದೆ. ಯಾವ ವಾಸನೆ ಎಂದು ಅವನು ನನ್ನನ್ನೇ ಕೇಳಿದ.

ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅಪ್ಪನಿಗೆ ಆಗ ಐವತ್ತೇಳು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಘಟಕದ ಡ್ರಮ್ ಯಾರ್ಡಿನಲ್ಲಿ ಅವನು ನನ್ನ ಹುಟ್ಟಿಗೂ ಮೊದಲಿನಿಂದ ದುಡಿಯುತ್ತಿದ್ದ. ಸಾಲ್ವೆಂಟ್, ಅಂದರೆ ಘಾಟು ದ್ರಾವಕ, ತುಂಬಿ ಬಂದ ಡ್ರಮ್ಮುಗಳು ಖಾಲಿಯಾದ ಮೇಲೆ ಅವನ್ನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಾರೆ. ಒಣಗಿದ ಮೇಲೆ ಅಪ್ಪ ಒಂದೊಂದರ ಬಾಯಿಗೆ ಮುಖವಿಟ್ಟು ಉಸಿರೆಳೆಯಬೇಕು. ವಾಸನೆ ಬಂದರೆ ಮತ್ತೆ ತೊಳೆಯಲು ವಾಪಸ್. ಬರದಿದ್ದರೆ ಪಾಸ್. ಅದನ್ನು ಅಳೆಯುವ ಯಂತ್ರ ಅಲ್ಲಿ ಇರಲಿಲ್ಲ. ಅಪ್ಪನ ಮೂಗೇ ಯಂತ್ರ.

ಪಾಸಾದ ಡ್ರಮ್ಮುಗಳಲ್ಲಿ ಕೆಲವು ಸಂತೆಗೆ ಬರುತ್ತವೆ. ವಾರಕ್ಕೊಮ್ಮೆ ನಳ ಬರುವ ನಮ್ಮ ಊರಿನಲ್ಲಿ ನೀಲಿ ಡ್ರಮ್ಮಿಲ್ಲದ ಮನೆ ಇಲ್ಲ. ಒಂದರಲ್ಲಿ ಕುಡಿಯುವ ನೀರು, ಇನ್ನೊಂದರಲ್ಲಿ ಜೋಳ. ಹುಡಗಿ, ರಾಜೇಶ್ವರದಂಥ ಸುತ್ತಲಿನ ಊರುಗಳಿಂದ ಬಂದವರೂ ಕೊಳ್ಳುವ ಮೊದಲು ಅಪ್ಪನ ಹೆಸರು ಹಿಡಿದು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಕಾಶಪ್ಪ ಮೂಸಿದ್ದೋ?

ಆ ಮೂಗು ಈಗ ಅಡುಗೆಮನೆಯ ಗ್ಯಾಸನ್ನು ಹಿಡಿಯಲಿಲ್ಲ. ನಾವು ಅದಕ್ಕೂ ಒಂದು ಕಾರಣ ಹುಡುಕಿದೆವು: ನೆಗಡಿ. ಅವನು ಪರಿಚಿತ ಕ್ರಾಸಿನಲ್ಲಿ ಬಸ್ಸಿಳಿದು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಾಗ ಬಿಸಿಲನ್ನು ಬೈದೆವು. ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದಾಗ ನಕ್ಕೆವು. ಮನುಷ್ಯ ತನ್ನ ಮನೆಯೊಳಗೆ ನಿಧಾನವಾಗಿ ಕಳೆದುಹೋಗುತ್ತಿರುವಾಗ ಮನೆಯವರೇ ಅವನಿಗೆ ನೆಪಗಳನ್ನು ಒದಗಿಸುತ್ತ ಹೋಗುತ್ತಾರೆ. ಭಯಕ್ಕೆ ಹೆಸರಿಡುವುದಕ್ಕಿಂತ ಅದು ಸುಲಭ.

ಕೊನೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಯ ಮೆಮೊರಿ ಕ್ಲಿನಿಕ್ಕಿಗೆ ಹೋದೆವು. ಎಂಆರ್‌ಐ ಆಯಿತು. ಬೆನ್ನುಮೂಳೆಯೊಳಗಿನ ನೀರು ತೆಗೆದು ಅಮಿಲಾಯ್ಡ್, ಟೌ ಎಂಬ ಎರಡು ಪ್ರೊಟೀನುಗಳನ್ನು ನೋಡುವ ಪರೀಕ್ಷೆ ಆಯಿತು. ಅದರ ನಡುವೆ ನ್ಯೂರಾಲಜಿಸ್ಟ್ ಮೇಡಂ ಅಪ್ಪನ ಕಣ್ಣು ಮುಚ್ಚಿಸಿ ಪುಟ್ಟ ಶೀಶೆಗಳನ್ನು ಮೂಗಿನ ಬಳಿ ಹಿಡಿದರು. ಮೊದಲು ಕಾಫಿ ಪುಡಿ. ಆಮೇಲೆ ಲವಂಗ. ಆಮೇಲೆ ಸೀಮೆಎಣ್ಣೆ. ಸೀಮೆಎಣ್ಣೆಯ ವಾಸನೆ ಗೋಡೆಗೆ ಒರಗಿ ನಿಂತ ನನ್ನ ತನಕ ಬಂತು.

ಅಪ್ಪ ಎದೆ ತುಂಬ ಉಸಿರೆಳೆದ. ಕೆಲಸದ ಗತ್ತಿನಲ್ಲಿ ತಲೆ ಎತ್ತಿದ.

"ಏನೂ ವಾಸನಿ ಇಲ್ರಿ ಮೇಡಂ. ಪಾಸ್."



ಸತ್ತ ಮೂಗಿಗೆ ಎಲ್ಲ ಡ್ರಮ್ಮೂ ಪಾಸ್. ಎಷ್ಟು ಕಾಲದಿಂದ? ಮರೆವು ನಮ್ಮ ಕಣ್ಣಿಗೆ ಬೀಳುವ ಎಷ್ಟೋ ವರ್ಷಗಳ ಮೊದಲೇ ಈ ರೋಗ ಮೂಗನ್ನು ತಿನ್ನಬಹುದು ಎಂದರು ಮೇಡಂ. ಸಾಲ್ವೆಂಟಿನ ಹೊಗೆಯೂ ಮೂಗನ್ನು ಕೆಡಿಸಬಹುದು. ಕೇವಲ ಮೂಗು ನೋಡಿ ರೋಗ ನಿರ್ಧರಿಸಲಾಗದು ಎಂದೂ ಎಚ್ಚರಿಸಿದರು. ಆದರೆ ಬೆನ್ನುನೀರಿನ ಪರೀಕ್ಷೆ ಅನುಮಾನಕ್ಕೆ ಎಡೆ ಬಿಡಲಿಲ್ಲ.

ಅಲ್ಜೈಮರ್ಸ್.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲವೆಂದೆ. ನಾನು ಬಲ್ಲಂತೆ ನಮ್ಮಲ್ಲಿ ಇದ್ದದ್ದು ಒಬ್ಬ ಶರಣೆ. ಅಪ್ಪನ ತಾಯಿ. ಕೂದಲು ಪೂರ್ತಿ ನೆರೆಯುವ ಮೊದಲೇ ಲೋಕದ ಹಂಗು ಬಿಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ದಿನಗಟ್ಟಲೆ ಮೌನವಾಗಿ ಕೂರುತ್ತಿದ್ದಳಂತೆ. ಉಂಡದ್ದೂ ನೆನಪಿರದಷ್ಟು ತಲ್ಲೀನತೆ. ಸುತ್ತಲಿನ ಹೆಣ್ಣುಮಕ್ಕಳು ಬಂದು ಪಾದ ಮುಟ್ಟಿ ಹೋಗುತ್ತಿದ್ದರಂತೆ. ಆ ಕಥೆಯ ಹೆಮ್ಮೆಯಲ್ಲೇ ನಾನು ಬೆಳೆದಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಅದೇ ಕಥೆ ಬೇರೊಂದು ಮುಖ ತೋರಿಸಿತು. ರಾಜೇಶ್ವರದಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ.

ಅತ್ತೆ ಹೇಳಿದಳು: "ಜಡ್ಡು ಅಂತ ಯಾರೂ ಅನ್ಲಿಲ್ಲ ಸವಿತಾ. ಶರಣೆ ಆದ್ಲು ಅಂದ್ರು. ಆದ್ರ ಹೆತ್ತ ಮಗಳು ನಾ, ನನಗೇ ಯಾರವ್ವಾ ನೀ ಅಂತ ಕೇಳಿದ್ಲು ನೋಡು, ಅವತ್ತೇ ನನಗ ಅಂಜಿಕಿ ಬಂದಿತ್ತು. ಪೂಜಿ ಮಾಡ್ಸಿಕೊಳ್ಳೋ ಅವ್ವನ ಬಗ್ಗೆ ಅದನ್ನ ಹ್ಯಾಂಗ ಬಾಯಿ ಬಿಟ್ಟು ಹೇಳ್ಲಿ?"

ಮೇಡಂ ಜೀನ್ ಪರೀಕ್ಷೆಗೂ ರಕ್ತ ಕಳಿಸಿದರು. ಫಲಿತಾಂಶ ಬಂದ ದಿನ ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಎಪಿಓಇ ಫೋರ್ ಎಂಬ ಜೀನ್ ಅಪ್ಪನಲ್ಲಿ ಜೋಡಿಯಾಗಿತ್ತು. ಒಂದು ಅಜ್ಜಿಯಿಂದ, ಒಂದು ಅಜ್ಜನಿಂದ. ನಾನು ಅವನ ಒಬ್ಬಳೇ ಮಗಳು. ಅಪ್ಪನಿಂದ ಮಗುವಿಗೆ ಜೋಡಿಯಲ್ಲಿ ಒಂದು ದಾಟುತ್ತದೆ. ಜೋಡಿಯ ಎರಡೂ ಅದೇ ಆಗಿದ್ದಾಗ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಪರೀಕ್ಷೆ ಮಾಡಿಸದೆಯೇ ನನ್ನ ಫಲಿತಾಂಶ ಬಂದಿತ್ತು.

ಇದು ಅಪಾಯವನ್ನು ಹೆಚ್ಚಿಸುವ ಜೀನ್, ರೋಗ ಬಂದೇ ತೀರುತ್ತದೆ ಎನ್ನುವ ತೀರ್ಪಲ್ಲ ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ಹಾಗಾದರೆ ಅಪ್ಪನಿಗೆ ಬಂದದ್ದು ರಕ್ತದಿಂದಲೋ ಡ್ರಮ್ಮಿನಿಂದಲೋ ಎಂದು ಕೇಳಿದೆ. ಗಾಳಿ, ವಿಷ, ನಿದ್ದೆ, ರಕ್ತದೊತ್ತಡ ಇವೆಲ್ಲ ಜೀನಿನ ಜೊತೆ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು ಸಂಶೋಧಕರು ಇನ್ನೂ ಬಿಡಿಸುತ್ತಿದ್ದಾರೆ, ಒಬ್ಬ ಮನುಷ್ಯನಲ್ಲಿ ಯಾವುದರ ಪಾಲು ಎಷ್ಟೆಂದು ಹೇಳಲು ತನ್ನಿಂದ ಆಗದು ಎಂದರು. ಯಾರ್ಡಿನ ಗಾಳಿಯನ್ನು ಯಾರಾದರೂ ಎಂದಾದರೂ ಅಳೆದಿದ್ದಾರೆಯೇ ಎಂದು ನನ್ನನ್ನೇ ತಿರುಗಿ ಕೇಳಿದರು.

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಸೋಪು ಮೂಸುತ್ತೇನೆ. ಯಾವುದೋ ಶಬ್ದ ನಾಲಿಗೆಗೆ ಬರಲು ತಡವಾದರೆ ಬೆವರುತ್ತೇನೆ. ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಕಾರ್ಮಿಕ ಕಾನೂನಿನ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ನನ್ನ ಮನೆಯ ಮೂಲೆಯಲ್ಲಿದ್ದ ನೀಲಿ ಡ್ರಮ್ಮಿನ ನೀರು ಕುಡಿದೇ ಅದನ್ನೆಲ್ಲ ಓದಿದ್ದೆ.

ಕಾರ್ಖಾನೆಗೆ ಹೋದೆ. ಸಿಬ್ಬಂದಿ ಅಧಿಕಾರಿ ಕುರ್ಚಿ ತೋರಿಸಿ, ಸಮಾಧಾನವಾಗಿ ಕೇಳಿಸಿಕೊಂಡ. ಅಜ್ಜಿಗೂ ಇತ್ತೆಂಬ ಮಾತು ಬಂದ ಕೂಡಲೇ ಅವನ ಭುಜ ಸಡಿಲವಾಯಿತು. "ನೋಡ್ರಿ ಮತ್ತ, ಇದು ಖಾಂದಾನಿ ಬ್ಯಾನಿ. ಇದಕ್ಕ ಕಂಪನಿ ಏನ್ ಮಾಡಬೇಕ್ರಿ?"

"ಮನುಷ್ಯನ ಮೂಗನ್ನ ಮೀಟರ್ ಮಾಡಿದೋರು ನೀವು" ಎಂದೆ. "ಆ ಮೀಟರ್ ಸರಿ ಐತೋ ಇಲ್ಲೋ ಅಂತ ಒಂದ್ ಸಲನಾದ್ರೂ ನೋಡಿದ್ರಿ ಏನ್ರಿ?"

ನನ್ನ ಬೇಡಿಕೆ ಸರಳವಾಗಿತ್ತು: ಯಾರ್ಡಿನ ಎಲ್ಲರ ತಪಾಸಣೆ ಆಗಬೇಕು, ಗಾಳಿಯ ಅಳತೆ ಆಗಬೇಕು, ಮಾರಿದ ಡ್ರಮ್ಮುಗಳನ್ನು ವಾಪಸ್ ಪಡೆಯಬೇಕು. ಜೀನ್ ಯಾರ ಅಪರಾಧವೂ ಅಲ್ಲ. ಅಳೆಯದೆ ಬಿಟ್ಟವರು ಮಾತ್ರ ಜೀನನ್ನು ತಮ್ಮ ಜಾಮೀನಾಗಿ ಬಳಸುವಂತಿಲ್ಲ. ಮೇಲಿನವರಿಗೆ ತಿಳಿಸುವುದಾಗಿ ಹೇಳಿ ಅವನು ಎದ್ದು ನಿಂತ.

ಗೇಟಿನಿಂದ ಹೊರಬರುವಾಗ ನನಗೆ ಇನ್ನೊಂದು ವಿಷಯ ಸ್ಪಷ್ಟವಾಯಿತು. ಕಂಪನಿಯಿಂದ ಉತ್ತರ ಕೇಳುವ ನಾನು ಓಣಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ. ಪಕ್ಕದ ಮನೆಯ ಜಗದೇವಿ ಕಾಕಿಯ ಸೊಸೆ ಬಸುರಿ. ಅವರ ಕುಡಿಯುವ ನೀರಿನ ಡ್ರಮ್ಮು ಎರಡು ವರ್ಷದ ಹಿಂದಿನದು, ಅಪ್ಪ ಮೂಸಿ ಕೊಟ್ಟದ್ದು.

ಕಾಕಿಗೆ ಹೇಳಲು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅವನಿಗಿದ್ದದ್ದು ಅದೊಂದು ಹೆಸರು. ಊರ ಮುಂದ ನಿಮ್ಮಪ್ಪನ ಮೂಗು ಕೊಯ್ತೀ ಏನು?"

"ಕೂಸಿಗೇನಾರ ಆದ್ರ ಯಾರ ಹೆಸರು ಉಳೀತದವ್ವಾ?"

ಅವ್ವ ದಾರಿ ಬಿಟ್ಟಳು. ನನ್ನ ಮುಖ ನೋಡಲಿಲ್ಲ.

ಜಗದೇವಿ ಕಾಕಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಹೇಳಿದೆ. ಮೊರದಲ್ಲಿ ಕೇರುವ ಕೈ ನಿಂತಿತು. "ಇಷ್ಟು ಓದಿದ್ದು ಹೆತ್ತ ಅಪ್ಪನ ಮ್ಯಾಲೆ ಫಿರ್ಯಾದಿ ಹೇಳಾಕೇನು?" ಎಂದಳು. ಮೊರ ಕೆಳಗಿಟ್ಟು ನೇರ ನಮ್ಮ ಮನೆಗೆ ನಡೆದಳು. ಹೋಗುವಾಗ ಒಳಗಿನಿಂದ ಇಂಗಿನ ಡಬ್ಬಿ ಹಿಡಿದುಕೊಂಡಳು.

ಅಪ್ಪ ಖಾಟಿನ ಮೇಲೆ ಕೂತಿದ್ದ. ಕಾಕಿ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದಳು. ಅಪ್ಪ ಸೌಜನ್ಯದಿಂದ ಮೂಸಿದ. ಖಾಲಿ ಡಬ್ಬಿ ಯಾಕೆ ತಂದೆಯೆಂದು ಕೇಳಿದ.

ಕಾಕಿ ಅಲ್ಲೇ ಕುಕ್ಕರಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು ಹೋಗಿ, ಸೊಸೆಯನ್ನು ದೂರ ನಿಲ್ಲಿಸಿ, ತನ್ನ ಮನೆಯ ಡ್ರಮ್ಮನ್ನು ಇಬ್ಬರು ಗಂಡುಮಕ್ಕಳ ಕೈಯಲ್ಲಿ ಬಾಗಿಲಿಗೆ ತರಿಸಿ ಉರುಳಿಸಿಬಿಟ್ಟಳು. ನಳ ಬರಲು ಇನ್ನೂ ದಿನಗಳಿದ್ದವು. ಅಷ್ಟು ನೀರು ಓಣಿಯ ಗಟಾರಕ್ಕೆ ಹರಿಯುವುದನ್ನು ಎಲ್ಲರೂ ಹೊರಬಂದು ನೋಡಿದರು. ಯಾಕೆಂದು ಕೇಳಿದವರಿಗೆಲ್ಲ ಕಾಕಿಯೇ ಹೇಳಿದಳು. ಅಪ್ಪನೂ ಬಂದು ನಿಂತು ನೀರು ಯಾಕೆ ಹಾಳು ಮಾಡುತ್ತೀರೆಂದು ಸಿಟ್ಟಾದ. "ಹಳೇವಾಗ್ಯಾವ ಕಾಶಪ್ಪಣ್ಣಾ, ಬದಲಿ ಮಾಡಾಕತ್ತೇವಿ" ಎಂದಳು ಕಾಕಿ. ಅವನ ಮುಂದೆ ಬೇರೆ ಯಾರೂ ಒಂದು ಮಾತೂ ಆಡಲಿಲ್ಲ. ಸಂಜೆಯೊಳಗೆ ಇನ್ನೂ ಹಲವು ಡ್ರಮ್ಮುಗಳು ಬೋರಲಾದವು.

ಮರುದಿನ ಹೆಂಗಸರು ಅವನ್ನೆಲ್ಲ ಟಂಟಂ ಆಟೋದಲ್ಲಿ ಹೇರಿಸಿ ಕಾರ್ಖಾನೆಯ ಗೇಟಿಗೆ ಸಾಲಾಗಿ ಇಟ್ಟು ಬಂದರು. ಅವು ಇನ್ನೂ ಅಲ್ಲೇ ಇವೆ. ನಮ್ಮ ಮನೆಯ ಡ್ರಮ್ಮಿನ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ, ವರದಿ ಬಂದಿಲ್ಲ. ಅದರಲ್ಲಿ ಏನಿರುತ್ತದೆಂದು ನನಗೆ ಗೊತ್ತಿಲ್ಲ. ಏನೂ ಇರದಿರಲಿ ಎಂದು ಬಯಸುತ್ತೇನೆ. ಏನೂ ಇರದಿದ್ದರೂ ನನ್ನ ಪ್ರಶ್ನೆ ಉಳಿಯುತ್ತದೆ: ಇಷ್ಟು ವರ್ಷ ನೀವು ಏನನ್ನು ನಂಬಿ ಮಾರಿದಿರಿ?

ಅಪ್ಪ ಈಗ ಮನೆಯಲ್ಲೇ ಇರುತ್ತಾನೆ. ಮಾತ್ರೆಗಳು ಇಳಿಜಾರನ್ನು ಸ್ವಲ್ಪ ನಿಧಾನಿಸಬಹುದು, ನಿಲ್ಲಿಸಲಾರವು. ಅವನಿಂದ ಬಂದ ಆ ಒಂದು ಜೀನ್, ನನ್ನ ಅರ್ಧ ಉತ್ತರ, ನನ್ನೊಳಗಿದೆ, ಅದರೊಂದಿಗೇ ಬದುಕುವುದನ್ನು ಕಲಿಯುತ್ತಿದ್ದೇನೆ. ಅವ್ವ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಮೊನ್ನೆ ಸಂಜೆ ರೇವಪ್ಪ ಕಾಕಾ ಬಂದ. ಯಾರ್ಡಿನಲ್ಲಿ ಅಪ್ಪನ ಜೊತೆ ಡ್ರಮ್ ತೊಳೆಯುವವನು. ಅಪ್ಪನನ್ನು ಮಾತಾಡಿಸಿದ, ಚಹಾ ಬೇಡವೆಂದ, ಎದ್ದ, ಮತ್ತೆ ಕೂತ. ಕೊನೆಗೆ ತಲೆ ತಗ್ಗಿಸಿ ಹೇಳಿದ: "ಸವಿತಾ, ನಂದೂ ಒಮ್ಮಿ ನೋಡವ್ವಾ."

ನಾನು ಡಾಕ್ಟರಲ್ಲ, ಇದರಿಂದ ಏನೂ ಖಚಿತವಾಗದು, ಆಸ್ಪತ್ರೆಗೇ ಹೋಗಬೇಕು ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಮುಷ್ಟಿ ಬಿಗಿಹಿಡಿದು ಬಂದಳು. ರೇವಪ್ಪ ಕಾಕಾನಿಗೆ ಕಣ್ಣು ಮುಚ್ಚಲು ಹೇಳಿ ಮುಷ್ಟಿಯನ್ನು ಅವನ ಮುಖದ ಬಳಿ ತಂದು ಬಿಡಿಸಿದಳು.

ಅವನು ಉಸಿರೆಳೆದ. ಮತ್ತೊಮ್ಮೆ ಎಳೆದ.

"ಜೀರಿಗಿ" ಎಂದ.

ಅವ್ವ ಅವನ ಎದುರಿಗೇ ನೆಲದ ಮೇಲೆ ಕೂತಳು. "ನಾಳೆ ಯಾರ್ಡಿನ ಉಳಿದೋರನ್ನೂ ಕರಕೊಂಡ್ ಬಾ, ರೇವಪ್ಪಾ" ಎಂದಳು.